ಮಗ್ಗದ ಸದ್ದಿನಲ್ಲಿ ಇಂಗ್ಲಿಷ್ ಪರೀಕ್ಷೆ

ನನ್ನ ಮೊಮ್ಮಗಳು ವಿಯೆಟ್ನಾಂ ದೇಶದ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಾಳೆ. ಇಷ್ಟು ಬರೆದು ಪೆನ್ನು ಕೆಳಗಿಟ್ಟರೂ ನನಗೆ ಸಾಕು, ಹೊಟ್ಟೆ ತುಂಬುತ್ತದೆ. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಮಹಾರಾಷ್ಟ್ರದ ಇಚಲಕರಂಜಿಯ ಮಗ್ಗದ ಓಣಿಯಲ್ಲಿ ಕೂತು ಹಳೆ ಬಟ್ಟೆ ಸೇರಿಸಿ ಕೌದಿ ಹೊಲಿಯುವುದು ನನ್ನ ಕೆಲಸ. ಆದರೆ ಕಳೆದ ಮಳೆಗಾಲದಲ್ಲಿ ಆ ವಿಯೆಟ್ನಾಂ ಶಾಲೆಯ ಒಂದು ತರಗತಿ ನಮ್ಮ ಮನೆಯ ಹಿಂದಿನ ಖೋಲಿಯಲ್ಲಿ ನಡೆಯಿತು. ಆ ಖೋಲಿಯನ್ನು ಕಟ್ಟಿದವಳು ನಾನು, ಕೆಡಿಸಿದವಳೂ ನಾನೇ. ಆ ಸಂಗತಿಯನ್ನು ಓಣಿಯಲ್ಲಿ ಹೇಳಿ ಹೇಳಿ ದಣಿದಿದ್ದೇನೆ, ಈಗ ಬರೆಯುತ್ತಿದ್ದೇನೆ.

ಅವಳು ಬೇಸಿಗೆಯಲ್ಲಿ ತಮ್ಮನ ಮದುವೆಗೆಂದು ಬಂದಳು. ಮದುವೆ ಮುಗಿಯಿತು, ಚಪ್ಪರ ಬಿಚ್ಚಿದರು. ಅವಳು ತಿರುಗಿ ಹೋಗಲು ಬೇಕಾದ ಪರವಾನಗಿ ಮಾತ್ರ ಆ ದೇಶದ ಯಾವುದೋ ಕಚೇರಿಯಲ್ಲಿ ಸಿಕ್ಕಿಕೊಂಡಿತು. ಕಾಗದ ಬರುವವರೆಗೆ ಊರಿನಿಂದಲೇ ಕಂಪ್ಯೂಟರಿನಲ್ಲಿ ಪಾಠ ಮಾಡು ಎಂದು ಅವಳ ಶಾಲೆಯ ಹೆಡ್‌ಬಾಯಿ, ಅಂದರೆ ಮುಖ್ಯೋಪಾಧ್ಯಾಯಿನಿ, ಫೋನಿನಲ್ಲಿ ಹೇಳಿದರು. ಫೋನ್ ಇಟ್ಟ ಮೇಲೆ ಹುಡುಗಿಯ ಮುಖ ಸಣ್ಣದಾಗಿತ್ತು.

"ಏನಂದ್ರವಾ ನಿಮ್ಮ ಬಾಯಾರು?" ಅಂದೆ.

"ಕಡೀಕ ಮಾತಿನ ಪರೀಕ್ಷಾ ಐತಿ ಆಯಿ. ಬರಿಯೂದಲ್ಲ, ಬಾಯ್ಲೆ ಮಾತಾಡೂದು. ಹೆಡ್‌ಬಾಯಾರ ಮುಂದ ಕೂಡ್ತಾರ. ಹುಡುಗ್ರು ಮಾತಾಡಿದ್ರ ನನ್ನ ನೌಕರಿ ಉಳೀತೈತಿ. ಇಲ್ಲಂದ್ರ ಬ್ಯಾರೇದವ್ರನ್ನ ತಗೋತಾರ."

ನಮ್ಮಲ್ಲಿ ಅಜ್ಜಿಗೆ ಆಯಿ ಅನ್ನುತ್ತೇವೆ. ಓಣಿಯ ಮರಾಠಿ ಮಂದಿ ತಾಯಿಗೆ ಆಯಿ ಅನ್ನುತ್ತಾರೆ. ಹೀಗಾಗಿ ಅವಳು ಸಣ್ಣವಳಿದ್ದಾಗಿನಿಂದ ಕೆಲವರು ನನ್ನನ್ನೇ ಅವಳ ತಾಯಿ ಅಂತ ತಿಳಿದರು. ನಾನೂ ತಿದ್ದಲಿಕ್ಕೆ ಹೋಗಲಿಲ್ಲ.

"ಇಷ್ಟ ದಿನಾ ನೀ ಕಲಿಸಿಲ್ಲೇನು? ಈಗೇನ ಹೊಸಾ ತಕರಾರು?"

"ಕೆಲವು ಹುಡುಗ್ರ ತಂದಿ-ತಾಯಿಗೆ ಬಿಳೀ ಮಂದೀನ ಇಂಗ್ಲಿಷ್ ಕಲಸಬೇಕಂತ ಆಸೆ ಐತಿ. ಮೊದಲ ಹಿಂದುಸ್ತಾನದಾಕಿ, ಈಗ ಎದುರಿಗೂ ಇಲ್ಲ ಅನ್ನಾಕತ್ತಾರ."

"ಬಿಳೀದ ಬೇಕಾದ್ರ ಸುಣ್ಣದ ಗ್ವಾಡಿಗೆ ಪಾಠ ಕೇಳ್ರಿ ಅನ್ನು," ಅಂದೆ. ಅವಳು ನಕ್ಕಳು. ಆದರೆ ನನಗೆ ಒಳಗೆ ಉರಿಯಿತು. ಅವಳ ನೌಕರಿ ಉಳಿಯಬೇಕು. ಆ ದಿನದಿಂದ ನನಗೆ ಬೇರೆ ಧ್ಯಾನವೇ ಇರಲಿಲ್ಲ.

ಮೊದಲ ಪಾಠ ನಮ್ಮ ಪಡಸಾಲೆಯಲ್ಲೇ ಆಯಿತು. ನಮ್ಮ ಎದುರಿಗೇ ಮಗ್ಗದ ಶೆಡ್ಡು. ಕರೆಂಟಿನ ಮಗ್ಗಗಳು ಹಗಲು ರಾತ್ರಿ ಖಟ್‌ಖಟ್ ಖಟ್‌ಖಟ್ ಬಡಿಯುತ್ತವೆ. ನಮಗೆ ಅದು ಕೇಳಿಸುವುದೇ ಇಲ್ಲ, ನಿಂತರೆ ಮಾತ್ರ ಎಚ್ಚರಾಗುತ್ತದೆ. ಪರದೆಯ ಮೇಲೆ ಸಣ್ಣ ಸಣ್ಣ ಮುಖಗಳು ಬಂದವು. ಇವಳು ಒಂದು ಮಾತು ಕೇಳಿದರೆ ಅವರು ಕಿವಿಗೆ ಕೈ ಹಚ್ಚಿ "ವಾಟ್? ವಾಟ್?" ಅಂತ ಒದರಿದರು. ಇವಳೂ ಒದರಿದಳು. ಹುಡುಗರಿಗೆ ನಗು ತಡೆಯಲಾಗಲಿಲ್ಲ, ಒಬ್ಬರ ಮೇಲೊಬ್ಬರು ಬಿದ್ದು ಕೂಗಿದರು. ಸಂತೆಯೇ ಸಂತೆ. ಪಾಠ ಮುಗಿದ ಮೇಲೆ ಹೆಡ್‌ಬಾಯಿ ಫೋನ್ ಮಾಡಿ, ಇದು ಯಾವ ಕಾರಖಾನೆ, ನಾಳೆಯಿಂದ ಶಾಂತ ಜಾಗ ನೋಡಿಕೋ ಅಂದರಂತೆ.

ಜಾಗ ಹುಡುಕಿದೆವು. ಕೊಲ್ಲಾಪುರದಲ್ಲಿ ನನ್ನ ಮಗಳ ಮನೆ ಇದೆ, ಮೂರನೇ ಮಾಳಿಗೆಯ ಮೇಲೆ, ಗಾಳಿ ಬಿಟ್ಟರೆ ಸದ್ದಿಲ್ಲ. ಅಲ್ಲಿ ಹೋಗಿ ಲ್ಯಾಪ್‌ಟಾಪು ತೆರೆದು ಕೂತ ಹೊತ್ತಿಗೆ ಕೆಳಗಿನ ಮಂಗಲ ಕಾರ್ಯಾಲಯಕ್ಕೆ ವರನ ಮೆರವಣಿಗೆ ಬಂತು. ಬ್ಯಾಂಡಿನವರು ಕಿಟಕಿಯ ಗಾಜು ನಡುಗುವ ಹಾಗೆ ಬಾರಿಸಿದರು. ಅಲ್ಲಿಂದ ಎಸ್.ಟಿ. ಬಸ್ಸು ಹಿಡಿದು ಗಡಹಿಂಗ್ಲಜ ದಾಟಿ ನೇಸರಿ ಕಡೆಯ ನನ್ನ ತವರಿಗೆ ಹೋದೆವು. ನನ್ನ ತಮ್ಮ ಅಲ್ಲಿ ಕುರಿ ಸಾಕುತ್ತಾನೆ. ಶಾಂತ ಅಂದರೆ ಅದು ಶಾಂತ. ಆದರೆ ರೇಂಜ್ ಸಿಗುವುದು ಹೊಲದ ಬದುವಿನ ಹುಣಸೆ ಮರದ ಕೆಳಗೆ ಮಾತ್ರ. ಕೊಡೆ ಹಿಡಿದು ನಾನು ನಿಂತೆ, ಮೊಣಕಾಲ ಮೇಲೆ ಲ್ಯಾಪ್‌ಟಾಪು ಇಟ್ಟು ಅವಳು ಕೂತಳು. ಹುಡುಗರ ಮುಖಗಳು ಬಾಯಿ ತೆರೆದಲ್ಲಿಯೇ ನಿಂತುಬಿಟ್ಟವು. ಹಿಂದಿನಿಂದ ಒಂದು ಟಗರು ಬಂದು ಅವಳ ಓಢಣಿ ಜಗ್ಗಿತು.

"ಅಕ್ಕಾ, ಟಗರಿಗೂ ಇಂಗ್ಲಿಷ್ ಬೇಕಂತ," ಅಂದ ನನ್ನ ತಮ್ಮ.

"ನಿನಕಿಂತ ಲಗೂ ಕಲೀತೈತಿ ಬಿಡು," ಅಂದೆ. ಆದರೆ ಹುಡುಗಿ ನಗಲಿಲ್ಲ. ತಿರುಗಿ ಬರುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಿಟಕಿಯ ಹೊರಗೇ ನೋಡುತ್ತಿದ್ದಳು.

ಆಗ ನಾನು ನಿಶ್ಚಯಿಸಿದೆ. ಶಾಂತ ಜಾಗ ಸಿಗದಿದ್ದರೆ ಹೊಲಿದು ಮಾಡುತ್ತೇನೆ. ಕೌದಿ ಹೊದ್ದು ಮಲಗಿದವನ ಕಿವಿಗೆ ಮಗ್ಗದ ಸದ್ದು ಕಮ್ಮಿ ಕೇಳುತ್ತದೆ ಅಂತ ನಮ್ಮ ಓಣಿಯ ಕೂಸಿಗೂ ಗೊತ್ತು. ಮನುಷ್ಯನಿಗೆ ಹೊದಿಸಿದ್ದನ್ನು ಖೋಲಿಗೆ ಹೊದಿಸಿದರಾಯಿತು.

ಹಿಂದಿನ ಖೋಲಿ ಖಾಲಿ ಮಾಡಿದೆ. ಅದಕ್ಕೆ ಮೇಲೆ ತಗಡು, ಒಂದೇ ಕಿಟಕಿ. ತಮ್ಮನಿಗೆ ಹೇಳಿ ಕುರಿಯ ಉಣ್ಣೆಯ ದಪ್ಪ ಕಂಬಳಿಗಳನ್ನು ಬಸ್ಸಿಗೆ ಹಾಕಿಸಿದೆ. ಅವನ್ನು ತಗಡಿನ ಕೆಳಗೆ ಬಿದಿರು ಕಟ್ಟಿ ಹಾಸಿದೆವು. ಗೋಡೆಗೆ ಕೌದಿ. ಮನೆಯಲ್ಲಿದ್ದ ಹಳೆಯವು ಎರಡು ಗೋಡೆಗೆ ಆದವು, ಉಳಿದದ್ದಕ್ಕೆ ಹೊಸದಾಗಿ ಹೊಲಿಯಬೇಕಾಯಿತು. ಶೆಡ್ಡಿನ ಚಿಂದಿ ತಂದು, ಹಳೆಯ ಸೀರೆಗಳ ನಡುವೆ ಹರಡಿ, ಓಣಿಯ ಹೆಂಗಸರನ್ನು ಕರೆದು ನಾಲ್ಕೂ ಅಂಚಿಗೆ ಕೂರಿಸಿದೆ. ಅಂಚಿನಿಂದ ಶುರು ಮಾಡಿ ಸುತ್ತು ಸುತ್ತು ಒಳಗೆ ಹೊಲಿಯುತ್ತ ಬಂದು ನಡುವೆ ಎಲ್ಲರ ಸೂಜಿ ಕೂಡಬೇಕು. ಈ ಸಲ ಹೊಲಿಗೆ ಬಿಗಿ ಬೇಡ, ಮೆತ್ತಗೆ ಉಬ್ಬಿರಲಿ ಅಂದೆ. ಬಿಗಿದ ಕೌದಿ ಬೆಚ್ಚಗಿರುತ್ತದೆ, ಉಬ್ಬಿದ್ದು ಸದ್ದು ನುಂಗುತ್ತದೆ. ಗೋಡೆಗೆ ಅಂಟಿಸದೆ ನಾಲ್ಕು ಬೆರಳು ಬಿಟ್ಟು ಬಿದಿರಿಗೆ ತೂಗುಹಾಕಿದೆವು. ಕಿಟಕಿಗೆ ಹಾಸಿಗೆ ತುರುಕಿ, ಬಾಗಿಲಿಗೆ ಸದ್ಯಕ್ಕೆ ಎರಡು ಪದರು ಕಂಬಳಿ ಬಿಟ್ಟೆವು, ಅದರ ಕೌದಿ ಇನ್ನೂ ಹೊಲಿಯುವುದಿತ್ತು. ನನ್ನ ಮಗ, ಅಂದರೆ ಹುಡುಗಿಯ ಅಪ್ಪ, ಮಗ್ಗ ದುರುಸ್ತಿ ಮಾಡುವ ಜಾಬರ್. ಅವನು ಇಂಟರ್ನೆಟ್ಟಿನ ವೈರನ್ನು ಕೌದಿಗಳ ಹಿಂದೆ, ನೆಲದ ಅಂಚಿಗೆ ಎಳೆದುಕೊಟ್ಟ.

ಬಾಗಿಲು ಹಾಕಿ ಒಳಗೆ ನಿಂತು ಕಿವಿಗೊಟ್ಟೆ. ಮಗ್ಗಗಳು ಯಾವುದೋ ದೂರದ ಊರಿಗೆ ಹೋಗಿಬಿಟ್ಟಿದ್ದವು. ನನ್ನ ಉಸಿರು ನನಗೇ ಕೇಳಿಸಿತು. ಹೆಡ್‌ಬಾಯಿ ಮರುದಿನ ಪಾಠ ಕೇಳಿ, ಬಹಳ ಚೆನ್ನ ಅಂದರಂತೆ. ನಾನು ಓಣಿಯ ಹೆಂಗಸರಿಗೆಲ್ಲ ಒಬ್ಬೊಬ್ಬರನ್ನಾಗಿ ಒಳಗೆ ಕರೆದು ಆ ಶಾಂತಿಯನ್ನು ತೋರಿಸಿದೆ. ಕೆಲವರು ಎರಡು ಸಲ ನೋಡಿಹೋದರು.

ಪಾಠದ ಹೊತ್ತಿಗೆ ನಾನು ಮೂಲೆಯಲ್ಲಿ ಸೂಜಿ ಪೋಣಿಸುತ್ತ ಕೂರುತ್ತಿದ್ದೆ. ಇಂಗ್ಲಿಷ್ ತಿಳಿಯುವುದಿಲ್ಲ, ಆದರೆ ಮುಖ ತಿಳಿಯುತ್ತದೆ. ಒಬ್ಬ ಹುಡುಗಿ ಪರದೆಯ ಅಂಚಿನಲ್ಲಿ ಕೂರುತ್ತಿದ್ದಳು, ಎರಡು ಜಡೆಯವಳು. ಬಾಯಿಯನ್ನೇ ಬಿಡುತ್ತಿರಲಿಲ್ಲ.

"ಮೀನಗಾರ್ರ ಮಗಳ ಆಯಿ," ಅಂದಳು ಮೊಮ್ಮಗಳು. "ಬರದ್ರ ಎಲ್ಲಾ ಬರೋಬ್ಬರಿ ಬರೀತಾಳ. ಎರಡ ವರ್ಷದಾಗ ಒಂದ ಮಾತ ಆಡಿಲ್ಲ."

ಪಾಠ ಮುಗಿದ ಮೇಲೆ ಆ ಖೋಲಿಯಲ್ಲೇ ರೊಟ್ಟಿ ತಿನ್ನುತ್ತ ಮಾತಾಡುತ್ತಿದ್ದೆವು. ಆ ದೇಶದ ಸಂಗತಿಗಳನ್ನು ಅವಳು ನನಗೆ ಹೇಳಿದ್ದು ಆಗಲೇ. ಫೋನಿನಲ್ಲಿ ಒಂದನ್ನೂ ಹೇಳಿರಲಿಲ್ಲ. ಸಮುದ್ರದ ದಂಡೆಯ ಸಣ್ಣ ಊರು, ಕೆಳಗೆ ಶಾವಿಗೆ ಸಾರಿನ ಅಂಗಡಿ, ಮೇಲೆ ಇವಳ ಖೋಲಿ.

"ಮೊದಲ ದಿನಾನ ಅಂಗಡ್ಯಾಕಿ ನನ್ನ ವಯಸ್ಸ ಕೇಳಿದ್ಲು ಆಯಿ. ನನಗ ಸಿಟ್ಟ ಬಂತು. ಆಮ್ಯಾಲ ತಿಳೀತು, ಅವ್ರ ಭಾಷಾದಾಗ ವಯಸ್ಸ ಗೊತ್ತಿಲ್ಲದ ಮಾತ ಚಾಲೂ ಮಾಡಾಕ ಬರೂದಿಲ್ಲ. ಅಕ್ಕ ಅನ್ನಬೇಕೋ, ತಂಗಿ ಅನ್ನಬೇಕೋ, ತಿಳೀಬೇಕಲ್ಲ."

"ಹಂಗಾರ ನಮ್ಮಂಗ ಅದಾರ."

"ನಮ್ಮಂಗ ಅದಾರ. ಶಾಲ್ಯಾಗಿನ ಬಾಯಾರಿಗೆ, ಸ್ವಾದರತ್ತಿಗೆ ಒಂದಾ ಹೆಸರ ಹಿಡಿದ ಕರೀತಾರ. ಹುಡುಗ್ರು ಬಜಾರದಾಗ ನೋಡಿದ್ರೂ ಅತ್ತಿ ಅತ್ತಿ ಅಂತ ಓಡಿ ಬರ್ತಾವ. ಆದ್ರ ಮೊದಲನೇ ಮಳಿಗಾಲದಾಗ ಭಾಳ ಅತ್ತೇನಿ ಆಯಿ. ನಿನಗ ಆರಾಮ ಅದೇನಿ ಅಂತಿದ್ದೆ."

"ನನಗ ಗೊತ್ತಿತ್ತು."

"ಹೆಂಗ?"

"ಆರಾಮ ಇದ್ದಾಕಿ, ಇವತ್ತ ಮನ್ಯಾಗ ಏನ ಅಡಗಿ ಅಂತ ದಿನಾ ಕೇಳೂದಿಲ್ಲ."

ಅವಳು ಹಿಡಿದ ತುತ್ತನ್ನು ತಾಟಿಗಿಟ್ಟಳು. ಆಮೇಲೆ ಹೇಳಿದಳು. ನಾನು ಕಳಿಸಿದ ಶೇಂಗಾ ಚಟ್ನಿ ತೀರಿದ ವಾರ ಊಟ ಸೇರದೆ ಮಲಗಿದ್ದಳಂತೆ. ಆ ಅಂಗಡಿಯವಳು ಮೇಲೆ ಬಂದು, ಖಾಲಿ ಡಬ್ಬಿ ಮೂಸಿ ನೋಡಿ, ಶೇಂಗಾ ಹುರಿದು ಕುಟ್ಟಿ ಅನ್ನದ ಮೇಲೆ ಹಾಕಿ ತಂದುಕೊಟ್ಟಳಂತೆ. ಖಾರ ಇರಲಿಲ್ಲ, ಉಪ್ಪು ಹೆಚ್ಚು, ಆದರೂ ತಾಟು ಒರೆಸಿ ತಿಂದಳಂತೆ. ಆ ಅಂಗಡಿಯವಳ ಭಾಷೆ ಕಲಿಯಲು ಇವಳು ಅವತ್ತೇ ಶುರು ಮಾಡಿದಳು. ಮೊಮ್ಮಗಳು ಹೇಳುವಾಗ ನನಗೆ ಒಂದು ಮಾತು ತಿಳಿಯಿತು. ಇವಳಿಗೆ ಅಲ್ಲಿ ಬರೀ ನೌಕರಿಯಲ್ಲ, ಒಂದು ಮನೆಯೂ ಇದೆ. ಅದನ್ನು ಇವಳು ಯಾರ ಕೈಯನ್ನೂ ಹಿಡಿಯದೆ, ಒಬ್ಬಳೇ ಕಟ್ಟಿಕೊಂಡಿದ್ದಾಳೆ.

ಆದರೆ ಪಾಠ ಕೆಡುತ್ತಿತ್ತು. ನನಗೆ ಕಾಣುತ್ತಿತ್ತು, ನಾನು ಒಪ್ಪಿಕೊಳ್ಳುತ್ತಿರಲಿಲ್ಲ. ಮೊದಲ ದಿನ ಹಾರಾಡಿದ ಹುಡುಗರು ದಿನದಿಂದ ದಿನಕ್ಕೆ ಮೆತ್ತಗಾದರು. ಇವಳು ಕೇಳಿದರೆ ನೆಲ ನೋಡುತ್ತಾರೆ, ಪಿಸುಗುಟ್ಟುತ್ತಾರೆ. ಒಬ್ಬ ತಪ್ಪಿದರೆ ಇನ್ನೊಬ್ಬ ಕಿಸಕ್ಕೆನ್ನುತ್ತಾನೆ, ತಪ್ಪಿದವನು ಮತ್ತೆ ಬಾಯಿ ತೆರೆಯುವುದಿಲ್ಲ. ದವಾಖಾನೆಯಲ್ಲಿ ಕೂತಂತೆ ಕೂರುತ್ತಿದ್ದರು. ಮೊಮ್ಮಗಳು ಚಿತ್ರ ತೋರಿಸಿದಳು, ಆಟ ಆಡಿಸಿದಳು, ಇಬ್ಬಿಬ್ಬರನ್ನು ಜೋಡಿ ಮಾಡಿದಳು. ಒಂದೂ ನಡೆಯಲಿಲ್ಲ. ಪರೀಕ್ಷೆ ಹತ್ತಿರ ಬಂತು.

ಪರೀಕ್ಷೆಯ ಮುಂಚಿನ ದಿನ ಬಾಗಿಲಿನ ಕೊನೆಯ ಕೌದಿ ಮುಗಿಯಿತು. ನಮ್ಮ ಕಡೆ ಹೊಸ ಕೌದಿ ಹಸಿದಿರಬಾರದು ಅಂತ ಮೂಲೆಯಲ್ಲಿ ಒಣ ರೊಟ್ಟಿಯ ಚೂರಿಟ್ಟು ಹೊಲಿಯುವ ರೂಢಿ. ನಾನು ಈ ಸಲ ಒಣ ರೊಟ್ಟಿ ಯಾಕೆ ಅಂದುಕೊಂಡೆ. ನನ್ನ ಹುಡುಗಿಯ ಪರೀಕ್ಷೆ, ಕೌದಿಯೂ ಸಿಹಿ ತಿನ್ನಲಿ. ತುಪ್ಪ ಸವರಿದ ಹೋಳಿಗೆಯ ಒಳ್ಳೆ ದೊಡ್ಡ ಚೂರನ್ನೇ ಇಟ್ಟು ಹೊಲಿದೆ, ಕೈಮುಗಿದು ತೂಗುಹಾಕಿದೆ. ಹಾಸಿಗೆಯ ಕೌದಿಯ ಮೇಲೆ ಮನುಷ್ಯರು ಮಲಗಿರುತ್ತಾರೆ. ಇದು ತೂಗುವ ಕೌದಿ, ಆ ಮೂಲೆ ನೆಲಕ್ಕೆ ಹತ್ತಿತ್ತು, ಅದರ ಹಿಂದೆಯೇ ವೈರು ಹೋಗಿತ್ತು ಅನ್ನುವುದು ನನ್ನ ತಲೆಗೆ ಬರಲೇ ಇಲ್ಲ.

ಬೆಳಿಗ್ಗೆ ಪರದೆ ಕಪ್ಪಗೆ ಕೂತಿತ್ತು. ಮಗ ಕೌದಿ ಎತ್ತಿ ನೋಡಿದ. ಇಲಿ ಮೂಲೆ ಕತ್ತರಿಸಿ ಹೋಳಿಗೆ ಮುಗಿಸಿತ್ತು. ಬಾಯಿ ಸಿಹಿಯಾದ ಮೇಲೆ ವೈರನ್ನೂ ಕಡಿದು ಎರಡು ತುಂಡು ಮಾಡಿತ್ತು.

"ಅವ್ವ, ಕೌದಿಗೆ ಉಣಸಿದ್ದಿ, ಖರೆ. ಇಲಿಗೆ ಯಾವಾಗ ಆಮಂತ್ರಣ ಕೊಟ್ಟಿದ್ದಿ?" ಅಂದ. ನನ್ನ ಕಣ್ಣಲ್ಲಿ ನೀರು ಕಂಡು, ಇಂಟರ್ನೆಟ್ಟಿನ ವೈರು ಜೋಡಿಸುವವನಿಗೆ ಫೋನ್ ಹಚ್ಚಿದ.

ವೈರಿನವನು ಮಧ್ಯಾಹ್ನದ ಮೇಲೆ ಬರುತ್ತೇನೆ ಅಂದ. ಫೋನಿನ ಮೇಲೆ ಮಾಡೋಣವೆಂದರೆ ನನ್ನ ಕಂಬಳಿ-ಕೌದಿಯ ಖೋಲಿಗೆ ರೇಂಜೂ ಬರುತ್ತಿರಲಿಲ್ಲ. ರೇಂಜ್ ಪೂರ್ತಿ ಸಿಗುವುದು ಹೊರಗೆ, ಶೆಡ್ಡಿನ ಬಾಗಿಲಲ್ಲಿ. ನಾನು ಸೆರಗು ಸಿಕ್ಕಿಸಿ ಶೆಡ್ಡಿನ ಮಾಲಕನ ಹತ್ತಿರ ಓಡಿದೆ. ಅವನು ಮರಾಠಿಯವನು, ನಮ್ಮ ಜೊತೆ ಇದ್ದು ಇದ್ದು ಕನ್ನಡವೂ ಬರುತ್ತದೆ.

"ಕಾಯ್ ಆಜಿ, ಸಕಾಳಿ ಸಕಾಳಿ?" ಏನಜ್ಜಿ, ಬೆಳಿಗ್ಗೆ ಬೆಳಿಗ್ಗೆಯೇ ಬಂದಿ, ಅಂತ.

"ಶೇಟ್, ಒಂದ ತಾಸ ಮಗ್ಗ ಬಂದ್ ಮಾಡ್ರಿ. ನನ್ನ ಮೊಮ್ಮಗಳ ನೌಕರಿ ಪ್ರಶ್ನೆ ಐತಿ."

"ಅರೇ ದೇವಾ! ಇವತ್ತ ಮಾಲ ಕೊಡೂದೈತಿ ಆಜಿ. ವ್ಯಾಪಾರಿ ಬಂದ ನನ್ನ ಕುತ್ತಿಗಿ ಹಿಡೀತಾನ."

"ಹಿಡೀಲಿ ಬಿಡ್ರಿ. ಅವನ ಕೈಯಾಗ ಹಿಡಿಯುವಂಗ ಐತೇನ ನಿಮ್ಮ ಕುತ್ತಿಗಿ?"

ಅವನು ತನ್ನ ದಪ್ಪ ಕುತ್ತಿಗೆ ಸವರಿಕೊಂಡು ನಕ್ಕ. "ಜಾ, ನಾತೀಸಾಠಿ ಏಕ್ ತಾಸ್ ಬಂದ್ ಕರತೋ," ಅಂದ. ಮೊಮ್ಮಗಳಿಗೋಸ್ಕರ ಒಂದು ತಾಸು ನಿಲ್ಲಿಸುತ್ತೇನೆ ಅಂತ. ಅವನು ಸ್ವಿಚ್ಚಿನ ಕಡೆ ಹೋಗುವಷ್ಟರಲ್ಲಿ ಹುಡುಗಿ ಫೋನ್ ಹಿಡಿದು ಒಳಗೆ ಬಂದಳು.

"ಬಂದ್ ಮಾಡಬ್ಯಾಡ್ರಿ ಶೇಟ್. ನಡೀಲಿ."

"ಹುಚ್ಚ ಹಿಡದೈತೇನ ನಿನಗ?" ಅಂದೆ.

"ಆಯಿ, ಮೊದಲನೇ ದಿನಾ ಹುಡುಗ್ರು ಹೆಂಗ ಒದರತಿದ್ರು ನೋಡಿದ್ದಿಲ್ಲ? ಕೌದಿ ಖೋಲ್ಯಾಗ ಕುಂತ ಮ್ಯಾಲ ಅವ್ರ ಬಾಯಿ ಮುಚ್ಚಿದ್ವು. ಅಲ್ಲಿ ಒಂದ ಸಣ್ಣ ತಪ್ಪೂ ಎಲ್ಲಾರಿಗೂ ಕೇಳಸ್ತೈತಿ. ಇಲ್ಲಿ ಯಾರ ತಪ್ಪ ಯಾರಿಗೆ ಕೇಳಸ್ತೈತಿ? ಮೊದಲ ಬಾಯಿ ಬಿಡಲಿ."

"ನಿಮ್ಮ ಹೆಡ್‌ಬಾಯಾರು ಏನಂದಾರು?"

"ಮೊದಲ ಅವ್ರಿಗೇ ಹೇಳ್ತೇನಿ. ಬ್ಯಾಡಂದ್ರ ನೌಕರಿ ಹೋತು. ಆ ಖೋಲ್ಯಾಗ ಕುಂತ್ರೂ ಹೋಗೂದಾ ಅಲ್ಲೇನು?"

ಅಷ್ಟು ದಿನ ಬೆರಳು ತೂತಾಗುವಂತೆ ಹೊಲಿದ ಖೋಲಿಯ ಬಗ್ಗೆ ಹಾಗೆ ಅಂದಾಗ ನನಗೆ ಚುಚ್ಚಿತು. ಆದರೆ ಅವಳ ಮುಖದಲ್ಲಿ ಅಂಜಿಕೆ ಇರಲಿಲ್ಲ. ಜಾಬರನ ಮಗಳು, ಮಗ್ಗದ ಸದ್ದಿನಲ್ಲೇ ತೊಟ್ಟಿಲು ತೂಗಿಸಿಕೊಂಡವಳು. ನಾನು ದಾರಿ ಬಿಟ್ಟೆ.

ಮಗ್ಗದವರು ಹಾಡು ಕೇಳುವ ದೊಡ್ಡ ಸ್ಪೀಕರಿಗೆ ಮಗ ಫೋನ್ ಜೋಡಿಸಿದ. ಪರದೆಯಲ್ಲಿ ಮುಂದೆ ಹೆಡ್‌ಬಾಯಿ, ಆಚೆ ಹುಡುಗರು, ಹಿಂದೆ ಗೋಡೆಗೆ ಒರಗಿ ಅವರ ತಂದೆ-ತಾಯಿಗಳು. ಇವಳು ಹೆಡ್‌ಬಾಯಿಗೆ ಏನೋ ಹೇಳಿದಳು. ಇವತ್ತು ಇದೇ ನನ್ನ ತರಗತಿ, ಇಲ್ಲಿ ಏನು ನಡೆದಿದೆ ಅಂತ ಮಕ್ಕಳೇ ಕೇಳಿ ತಿಳಿದು ನಿಮಗೆ ಹೇಳಲಿ, ಅಂದಳಂತೆ. ಹೆಡ್‌ಬಾಯಿ ತುಟಿ ಬಿಗಿದು ಇವಳ ಹಿಂದಿನ ಮಗ್ಗಗಳನ್ನು ನೋಡಿದರು. ಆಮೇಲೆ ಆಗಲಿ ಅಂತ ಗೋಣು ಹಾಕಿದರು.

ಮಗ್ಗದವರ ಮಾತೇ ಬೇರೆ. ಎದುರುಬದುರು ನಿಂತು, ಒಂದೊಂದು ಮಾತಿಗೂ ತುಟಿಯನ್ನು ದೊಡ್ಡದಾಗಿ ತಿರುವಿ, ಉಳಿದದ್ದನ್ನು ಕೈಯಿಂದ ಹೇಳುತ್ತೇವೆ. ದಾರ ಹರಿದರೆ ಎರಡು ಬೆರಳು ಕತ್ತರಿ, ಊಟಕ್ಕೆ ಹೊಟ್ಟೆಯ ಮೇಲೆ ಅಂಗೈ. ಮೊಮ್ಮಗಳು ಹಾಗೆಯೇ ನಿಂತು ಇಂಗ್ಲಿಷ್ ಆಡಿದಳು. ನಮ್ಮ ಓಣಿಯ ಮಾತಿನಲ್ಲಿ ಇಂಗ್ಲಿಷ್! ಮಗ್ಗದ ಹುಡುಗರು ಕೆಲಸ ಬಿಡದೆ ಓರೆಗಣ್ಣಿನಲ್ಲಿ ನೋಡಿದರು. ಒಬ್ಬ ಹುಡುಗ ಪರದೆಯಲ್ಲಿ ಎದ್ದು ನಿಂತು ಗಂಟಲು ಹರಿಯುವಂತೆ ಏನೋ ಕೇಳಿದ. ಕೇಳಿಸಲಿಲ್ಲ ಅಂತ ಇವಳು ಕಿವಿಗೆ ಕೈ ಹಚ್ಚಿದಳು. ಅವನು ಮತ್ತೂ ಜೋರಾಗಿ ಕೇಳಿದ, ಅವನ ಜೊತೆ ಇನ್ನಿಬ್ಬರು ಕೂಗಿದರು. ಇವಳು ಫೋನನ್ನು ಲಾಳಿ ಓಡುವಲ್ಲಿಗೆ ಒಯ್ದಳು. ಮತ್ತೊಬ್ಬಳು ಎದ್ದಳು, ಮತ್ತೊಬ್ಬ. ಕೇಳಿದವರು ಹೆಡ್‌ಬಾಯಿಯ ಕಡೆ ತಿರುಗಿ, ತಿಳಿದದ್ದನ್ನು ಕೈ ಆಡಿಸುತ್ತ ಹೇಳುತ್ತಿದ್ದರು. ಸ್ಪೀಕರಿನಿಂದ ಮಕ್ಕಳ ದನಿ ಮಗ್ಗದ ಸದ್ದನ್ನು ಸೀಳಿಕೊಂಡು ಬರುತ್ತಿತ್ತು. ನಾನು ಕಂಬ ಹಿಡಿದು ನಿಂತಿದ್ದೆ. ಎರಡು ಜಡೆಯವಳು ಮಾತ್ರ ಎದ್ದಿರಲಿಲ್ಲ. ಎಲ್ಲರೂ ಮಾತಾಡಿದರೇ ಪರೀಕ್ಷೆ ಆದಂತೆ.

ಮೊಮ್ಮಗಳು ಫೋನನ್ನು ನೇಯುತ್ತಿದ್ದ ಬಟ್ಟೆಯ ಹತ್ತಿರ ಹಿಡಿದು, ಹಿಂದಿನ ಸಾಲಿನವರಿಗೆ ಏನೋ ಹೇಳುತ್ತಿದ್ದಳು. ಅಷ್ಟರಲ್ಲಿ ಒಂದು ಸಣ್ಣ ದನಿ ಬಂತು. ಆಮೇಲೆ ಅದೇ ದನಿ ಜೋರಾಗಿ. ಆ ಜಡೆಯವಳು ಕುರ್ಚಿಯ ಮೇಲೆ ಹತ್ತಿ ನಿಂತಿದ್ದಳು.

"ಟೀಚರ್! ಲುಕ್! ಸ್ಟಾಪ್! ಸ್ಟಾಪ್!"

ಅಷ್ಟು ನನಗೂ ತಿಳಿಯಿತು. ಎಲ್ಲರೂ ಬಟ್ಟೆ ನೋಡಿದೆವು. ಉದ್ದದ ಒಂದು ದಾರ ಹರಿದು, ಬಟ್ಟೆಯ ನಡುವೆ ಬೈತಲೆ ತೆಗೆದಂತೆ ಗೆರೆ ಓಡುತ್ತಿತ್ತು. ಮಗ ಹಾರಿ ಹೋಗಿ ಆ ಮಗ್ಗ ನಿಲ್ಲಿಸಿದ. ಜಡೆಯ ಹುಡುಗಿ ಕುರ್ಚಿಯಿಂದ ಕೆಳಗಿಳಿಯಲಿಲ್ಲ. ಹೆಡ್‌ಬಾಯಿ ಏನೋ ಕೇಳಿದರು, ಅವಳು ಉತ್ತರ ಹೇಳಿದಳು. ಮತ್ತೆ ಕೇಳಿದರು, ಮತ್ತೆ ಹೇಳಿದಳು. ಎರಡೂ ಕೈಯಿಂದ ಗಾಳಿಯಲ್ಲಿ ಏನೋ ಗಂಟು ಹಾಕಿ ತೋರಿಸಿದಳು. ಹಿಂದೆ ನಿಂತಿದ್ದ ಒಬ್ಬ ಹೆಂಗಸು ಸೆರಗಿಲ್ಲದ್ದಕ್ಕೆ ಬಾಯಿಗೆ ಅಂಗೈ ಒತ್ತಿಕೊಂಡಳು. ಅವಳ ತಾಯಿ ಅಂತ ಯಾರೂ ನನಗೆ ಹೇಳಬೇಕಾಗಿರಲಿಲ್ಲ.

"ಏನ ಹೇಳಾಕತ್ತಾಳ?" ಅಂತ ಮೊಮ್ಮಗಳಿಗೆ ಕೈಯಲ್ಲೇ ಕೇಳಿದೆ.

"ಅವ್ರ ಮನ್ಯಾಗ ಮೀನಿನ ಬಲಿ ಹೊಲಿಯೂದು ಆಕಿದಾ ಕೆಲಸಂತ," ಅಂತ ಇವಳು ತುಟಿ ತಿರುವಿದಳು. "ಒಂದ ಎಳಿ ಹೋದ್ರ ಎಲ್ಲಾ ಮೀನ ಹೋಗ್ತಾವಂತ. ಅದಕ್ಕ ತಡಕೊಳ್ಳಾಕ ಆಗ್ಲಿಲ್ಲಂತ." ಹೇಳುತ್ತ ಹೇಳುತ್ತ ಅವಳ ಕಣ್ಣು ತುಂಬಿದವು. ಆದರೂ ಬೆನ್ನು ನೆಟ್ಟಗಿತ್ತು, ಮುಂದಿನವನಿಗೆ ಕೈ ಮಾಡಿ ಕರೆದಳು.

ಪರೀಕ್ಷೆ ಮುಗಿಯುತ್ತಲೇ ಹೆಡ್‌ಬಾಯಿ ಪರದೆ ಆರಿಸಿದರು. ಸಂಜೆಯವರೆಗೆ ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಫೋನ್ ಬಂತು. ಮೊಮ್ಮಗಳು ನಿಂತೇ ಕೇಳಿದಳು, ಮೆಲ್ಲಗೆ ನೆಲಕ್ಕೆ ಕೂತಳು. ನೌಕರಿ ಉಳಿದಿತ್ತು. ಅಷ್ಟೇ ಅಲ್ಲ, ಬಿಳಿ ಟೀಚರ್ ಬೇಕು ಅಂದಿದ್ದ ತಂದೆ-ತಾಯಿಗಳಲ್ಲಿ ಕೆಲವರು ಹೆಡ್‌ಬಾಯಿಯ ಹತ್ತಿರ ಹೋಗಿ, ಇವರು ತಿರುಗಿ ಯಾವಾಗ ಬರುತ್ತಾರೆ ಅಂತ ಕೇಳಿದರಂತೆ. ಎಲ್ಲರಿಗಿಂತ ಮುಂದೆ ನಿಂತು ಕೇಳಿದವಳು ಆ ಬಲೆ ಹೊಲಿಯುವ ಹುಡುಗಿಯ ತಾಯಿ.

ಈಗ ಪರವಾನಗಿ ಬಂದಿದೆ, ಅವಳು ತನ್ನ ಶಾಲೆಯ ಮಕ್ಕಳ ಹತ್ತಿರ ಹೋಗಿದ್ದಾಳೆ. ನಾನು ಪೇಢೆ ಹಂಚಿ ಮುಗಿಸಿದರೂ ಮಾತು ಹಂಚಿ ಮುಗಿಸಿಲ್ಲ. ಮೊನ್ನೆ ಶೆಡ್ಡಿಗೆ ಚಿಂದಿ ತರಲು ಹೋದಾಗ ಮಾಲಕ ಕೈ ಜೋಡಿಸಿದ.

"ಆಜಿ, ಅದಾ ಕಥಿ ನನಗ ಎಷ್ಟ ಸಲ ಹೇಳ್ತೀರಿ?"

"ಮಗ್ಗ ನಡದಾಗ ಹೇಳೇನಲ್ರಿ ಶೇಟ್," ಅಂದೆ. "ನಿಮಗ ಅರ್ಧಾ ಕೇಳಿಸಿರೂದಿಲ್ಲ. ಸರೀರಿ, ಮೊದಲಿಂದ ಹೇಳ್ತೇನಿ."